ಜಮಖಂಡಿಯ ವಕೀಲ, ಉಳುವವನ ಕಾನೂನು

1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಸಂಸ್ಥಾನದ ಜೊತೆಗೇ ಅದರ ಮುಖ್ಯಮಂತ್ರಿ ಹುದ್ದೆಯೂ ಹೋಯಿತು. ಆ ಹುದ್ದೆಯಲ್ಲಿದ್ದ ಬಿ.ಡಿ. ಜತ್ತಿಯವರಿಗೆ ಆಗ 35 ವರ್ಷ. ವಿಲೀನಕ್ಕೆ ಸಂಸ್ಥಾನಿಕ ಶಂಕರರಾವ್ ಪಟವರ್ಧನರ ಮನವೊಲಿಸಿದವರೇ ಅವರು. ಕುರ್ಚಿ ಬಿಟ್ಟ ಮೇಲೆ ಮತ್ತೆ ಕರಿಕೋಟು ತೊಟ್ಟು ಸುಮಾರು ಇಪ್ಪತ್ತು ತಿಂಗಳು ವಕೀಲಿಕೆ ಮಾಡಿದರು. ಅಧಿಕಾರದಿಂದ ಇಳಿದು ಕಸುಬಿಗೆ ಹೀಗೆ ಸಲೀಸಾಗಿ ಮರಳಿದವರು ನಮ್ಮ ರಾಜಕೀಯದಲ್ಲಿ ಅಪರೂಪ.

ಸಾವಳಗಿಯಲ್ಲಿ ಹುಟ್ಟಿ, ಕೊಲ್ಲಾಪುರದಲ್ಲಿ ಕಾನೂನು ಓದಿ, ಜಮಖಂಡಿ ಪುರಸಭೆಯಿಂದ ಮೇಲೆ ಬಂದವರು ಜತ್ತಿ. ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ಶಾಸನಸಭೆಗೆ ಹೋದವರು ಅಲ್ಲಿನ ಮುಖ್ಯಮಂತ್ರಿ ಬಿ.ಜಿ. ಖೇರರಿಗೆ ಸಂಸದೀಯ ಕಾರ್ಯದರ್ಶಿಯಾದರು, 1952ರ ಚುನಾವಣೆಯ ನಂತರ ಉಪಮಂತ್ರಿಯಾದರು. ಕರ್ನಾಟಕದ ಏಕೀಕರಣದಿಂದ ಜಮಖಂಡಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1958ರ ಮೇ ತಿಂಗಳಲ್ಲಿ ನಿಜಲಿಂಗಪ್ಪನವರ ನಂತರ ಮೈಸೂರು ರಾಜ್ಯದ ಮುಖ್ಯಮಂತ್ರಿ. ಮುಂದೆ ಉಪರಾಷ್ಟ್ರಪತಿ, 1977ರಲ್ಲಿ ಐದು ತಿಂಗಳು ಹಂಗಾಮಿ ರಾಷ್ಟ್ರಪತಿ. ಆ ಏಪ್ರಿಲ್‌ನಲ್ಲಿ ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಸಹಿ ಹಾಕಲು ಒಂದು ದಿನ ತಡೆದರೆಂಬುದನ್ನೇ ಜನ ನೆನೆಯುತ್ತಾರೆ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ದಿಲ್ಲಿಯಲ್ಲಿಲ್ಲ, ನಮ್ಮ ಹೊಲಗಳಲ್ಲಿದೆ.

ಏಕೀಕರಣವಾದಾಗ ನಕ್ಷೆ ಒಂದಾಯಿತು, ಗೇಣಿಯ ಕಾನೂನು ಒಂದಾಗಲಿಲ್ಲ. ಹಳೇ ಮೈಸೂರಿಗೆ ಒಂದು, ಮುಂಬಯಿ ಭಾಗಕ್ಕೆ ಇನ್ನೊಂದು, ಹೈದರಾಬಾದ್ ಭಾಗಕ್ಕೆ, ಮದ್ರಾಸಿನಿಂದ ಬಂದ ಜಿಲ್ಲೆಗಳಿಗೆ, ಕೊಡಗಿಗೆ ಬೇರೆ ಬೇರೆ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯವನಿಗೆ ಕಾಯಂ ಹಕ್ಕಿತ್ತು; ಪಕ್ಕದ ಗದ್ದೆಯ ಚಾಲಗೇಣಿಯವನನ್ನು ಧಣಿ ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. ಈ ಕಗ್ಗಂಟನ್ನು ಬಿಡಿಸಲು ನೇಮಕವಾದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. 1957ರಲ್ಲಿ ವರದಿ ಬಂತು. ಅವರು ಮುಖ್ಯಮಂತ್ರಿಯಾಗಿದ್ದಾಗಲೇ ಅದು ಮೈಸೂರು ಭೂಸುಧಾರಣಾ ಕಾಯ್ದೆ, 1961 ಎಂದು ಅಂಗೀಕಾರವಾಯಿತು. ಇಡೀ ರಾಜ್ಯಕ್ಕೆ ಒಂದೇ ಗೇಣಿ ಕಾನೂನು, ಜಮೀನು ಹಿಡುವಳಿಗೆ 27 ಸ್ಟ್ಯಾಂಡರ್ಡ್ ಎಕರೆಯ ಮಿತಿ.

ವಕೀಲರ ಕೈ ಅದರಲ್ಲಿ ಎದ್ದು ಕಾಣುತ್ತದೆ. ಗೇಣಿದಾರನ ತಕರಾರು ಮುನ್ಸೀಫ್ ಕೋರ್ಟಿಗೆ ಹೋಗಬೇಕಿತ್ತು. ಕೋರ್ಟಿನ ಮೆಟ್ಟಿಲು ಹತ್ತಿ ಬದುಕಿದವರಿಗೆ ನ್ಯಾಯ ಅಲ್ಲೇ ಸಿಗುತ್ತದೆಂಬ ನಂಬಿಕೆ ಸಹಜ. ಆದರೆ ಬಾಯಿಮಾತಿನ ಮೇಲೆ ಉಳುತ್ತಿದ್ದವನ ಬಳಿ ರಸೀದಿ ಎಲ್ಲಿಂದ ಬರಬೇಕು? ಒಡೆಯನ ಕಡೆ ವಕೀಲನೂ ಇದ್ದ, ಕಾಗದವೂ ಇತ್ತು. ಸ್ವಂತ ಸಾಗುವಳಿಯ ನೆಪ ಹೇಳಿ ಜಮೀನು ಹಿಂದಕ್ಕೆ ಪಡೆಯಲೂ ಕಾಯ್ದೆಯಲ್ಲೇ ದಾರಿಯಿತ್ತು. ಜಾರಿಗೆ ಬರುವಷ್ಟರಲ್ಲಿ 1965ರ ಅಕ್ಟೋಬರ್ 2 ಆಗಿತ್ತು. ಅಷ್ಟು ವರ್ಷದ ವಿಳಂಬ ಯಾರಿಗೆ ಅನುಕೂಲವಾಯಿತೆಂದು ಬೇರೆ ಹೇಳಬೇಕಿಲ್ಲ. ಇದು ಆ ಕಾನೂನಿನ ನಿಜವಾದ ಸೋಲು, ಗೇಣಿದಾರರು ಅದರ ಬೆಲೆ ತೆತ್ತರು.

ಮುಂದೆ ಮುಖ್ಯಮಂತ್ರಿಯಾದ ದೇವರಾಜ ಅರಸು ತಿದ್ದಿದ್ದು ಇದನ್ನೇ. 1974ರಲ್ಲಿ ಗೇಣಿ ಜಮೀನೆಲ್ಲ ಸರ್ಕಾರದ ವಶವಾಯಿತು, ಅರ್ಜಿಗಳ ವಿಚಾರಣೆಗೆ ಭೂನ್ಯಾಯ ಮಂಡಳಿಗಳು ಬಂದವು. ಅಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲವೆಂದು ಬರೆಯಲಾಯಿತು. ಆ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1987ರಲ್ಲಿ. ಗೇಣಿದಾರರಿಗೆ ಹಕ್ಕುಪತ್ರ ಸಿಕ್ಕ ಕೀರ್ತಿ ಅರಸರಿಗೆ ಸಂದಿತು, ಸಲ್ಲಬೇಕಾದದ್ದೇ. ಆದರೆ ಅರಸು ಹೊಸ ಕಾಯ್ದೆ ಬರೆಯಲಿಲ್ಲ, ಜತ್ತಿಯವರ ಕಾಯ್ದೆಗೆ ತಿದ್ದುಪಡಿ ತಂದರು. 2020ರಲ್ಲಿ 79ಎ, 79ಬಿ ಕಲಂಗಳನ್ನು ಕೈಬಿಟ್ಟು ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿಕೊಟ್ಟಾಗ ಸರ್ಕಾರ ತಿದ್ದಿದ್ದೂ ಅದೇ 1961ರ ಕಾಯ್ದೆಯನ್ನು.