ಹೇಳಿದ್ದು ತಲುಪಿತೇ?

1978ರ ಡಿಸೆಂಬರ್ 28. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿದ್ದ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತುತ್ತಿತ್ತು. ಚಕ್ರಗಳು ಸರಿಯಾಗಿ ಇಳಿದಿವೆಯೋ ಇಲ್ಲವೋ ಎಂಬ ಅನುಮಾನ. ಕ್ಯಾಪ್ಟನ್‌ನ ಗಮನವೆಲ್ಲ ಅತ್ತಲೇ. ಇಂಧನ ಮುಗಿಯುತ್ತ ಬಂದದ್ದು ಫ್ಲೈಟ್ ಎಂಜಿನಿಯರ್‌ಗೆ ಗೊತ್ತಿತ್ತು. ಆತ ಸೂಚಿಸಿದ, ಪಟ್ಟು ಹಿಡಿಯಲಿಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತು ವಿಮಾನ ನಿಲ್ದಾಣದ ಹೊರಗೇ ಬಿತ್ತು. 10 ಮಂದಿ ಸತ್ತರು.

ಕ್ಯಾಪ್ಟನ್ ಇಂಧನದ ಮೇಲೆ ನಿಗಾ ಇಡಲಿಲ್ಲ, ಸಹೋದ್ಯೋಗಿಗಳು ತಮ್ಮ ಆತಂಕವನ್ನು ಅವನಿಗೆ ಮನವರಿಕೆ ಮಾಡಿಕೊಡಲಿಲ್ಲ ಎಂದಿತು ತನಿಖೆ. 1979ರಲ್ಲಿ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಹೊಸ ತರಬೇತಿ ಆರಂಭಿಸಿತು: ಕಿರಿಯರು ಖಚಿತವಾಗಿ ಹೇಳಬೇಕು, ಹಿರಿಯರು ಕಿವಿಗೊಡಬೇಕು.

ಹೇಳುವುದು ಅಷ್ಟು ಸುಲಭವಲ್ಲ. ಮಾತಿನ ಧಾಟಿಯನ್ನು ಹುದ್ದೆಯೇ ತಿದ್ದುತ್ತದೆ. ಪೈಲಟ್‌ಗಳ ಮಾತನ್ನು ಅಧ್ಯಯನ ಮಾಡಿದ ಊಟೆ ಫಿಶರ್ ಮತ್ತು ಜುಡಿತ್ ಒರಸಾನು ಕಂಡದ್ದೂ ಇದನ್ನೇ. ಕ್ಯಾಪ್ಟನ್‌ಗಳು ನೇರವಾಗಿ ಆದೇಶಿಸುತ್ತಿದ್ದರು, ಸಹಪೈಲಟ್‌ಗಳು ಹೆಚ್ಚಾಗಿ ಸುಳಿವು ಕೊಡುತ್ತಿದ್ದರು. ನಮ್ಮ ಕಚೇರಿಗಳಲ್ಲಿ "ಸರ್, ಇನ್ನೊಂದ್ಸಲ ನೋಡಿದ್ರೆ ಒಳ್ಳೇದೇನೋ" ಎನ್ನುವುದೂ ಇದೇ ಜಾತಿಯ ಮಾತು. "ಈ ಲೆಕ್ಕದಲ್ಲಿ ತಪ್ಪಿದೆ, ಇವತ್ತು ಕಳಿಸಬೇಡಿ" ಎಂಬ ಅರ್ಥ ಅದರೊಳಗೆ ಅಡಗಿರುತ್ತದೆ. ಅದನ್ನು ಹುಡುಕಿಕೊಳ್ಳುವ ಕೆಲಸ ಮೊದಲೇ ಗಡಿಬಿಡಿಯಲ್ಲಿರುವ ಮೇಲಧಿಕಾರಿಯ ಪಾಲಿಗೆ ಬೀಳುತ್ತದೆ.

ಖಚಿತವಾಗಿ ಹೇಳಿದ ಮೇಲೂ ಒಂದು ಹೆಜ್ಜೆ ಉಳಿಯುತ್ತದೆ. ಕೇಳಿಸಿಕೊಂಡವರು ತಮಗೆ ಅರ್ಥವಾದದ್ದನ್ನು ತಿರುಗಿ ಹೇಳಬೇಕು. ವಿಮಾನ ನಿಯಂತ್ರಕರು ಕೊಟ್ಟ ಎತ್ತರ, ದಿಕ್ಕುಗಳನ್ನು ಪೈಲಟ್‌ಗಳು ಮರುಉಚ್ಚರಿಸುವುದು ಇದಕ್ಕೇ. ಭಾರತೀಯ ರೈಲ್ವೆಯಲ್ಲಿ ಗೇಟ್ ಮುಚ್ಚಿದೆಯೆಂದು ಫೋನಿನಲ್ಲಿ ಖಚಿತಪಡಿಸುವಾಗ 'ಪ್ರೈವೇಟ್ ನಂಬರ್' ಕೊಡುವ ಪದ್ಧತಿಯಿದೆ. ಬರೀ "ಆಯ್ತು ಸರ್" ಸಾಲದು. ಆ ಸಂಖ್ಯೆ ದಾಖಲೆಯಾಗಬೇಕು.

ಆಸ್ಪತ್ರೆಯ ಪಾಳಿ ಬದಲಾವಣೆಯೂ ಇಂಥದ್ದೇ ನಾಜೂಕಿನ ಗಳಿಗೆ. ಅಮೆರಿಕ ಮತ್ತು ಕೆನಡಾದ 9 ಮಕ್ಕಳ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರಿಗೆ 'ಐ-ಪಾಸ್' ಕ್ರಮ ಕಲಿಸಲಾಯಿತು. ರೋಗಿ ಎಷ್ಟು ಗಂಭೀರ, ಸ್ಥಿತಿಯೇನು, ಏನು ಮಾಡಬೇಕು, ಏನಾದರೆ ಏನು ಗತಿ ಎಂಬುದನ್ನು ಅನುಕ್ರಮವಾಗಿ ಹೇಳಬೇಕು. ಕೊನೆಗೆ ಪಾಳಿಗೆ ಬಂದವರು ಸಾರಾಂಶವನ್ನು ತಮ್ಮ ಮಾತಲ್ಲಿ ಒಪ್ಪಿಸಬೇಕು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ತಗ್ಗಿದವು. ಒಬ್ಬ ರೋಗಿಯ ವಿವರ ಒಪ್ಪಿಸಲು ಮೊದಲು ಸರಾಸರಿ 2.4 ನಿಮಿಷ ಹಿಡಿಯುತ್ತಿತ್ತು, ಆಮೇಲೆ 2.5 ನಿಮಿಷ.