ಸರ್ವರ್ ಆನ್ ಆಗಿತ್ತು, ಪುಟ ತೆರೆಯಲಿಲ್ಲ

ನಮ್ಮ ಕಂಪ್ಯೂಟರ್ ಲ್ಯಾಬ್‌ನಲ್ಲಿ ಪ್ರಾಕ್ಟಿಕಲ್ ಫೈಲ್‌ಗಳು ಪೆನ್‌ಡ್ರೈವ್‌ನಲ್ಲೇ ಓಡಾಡುತ್ತಿದ್ದವು. ಜೊತೆಗೆ ವೈರಸ್ಸೂ ಓಡಾಡುತ್ತಿತ್ತು. ಒಂದು ದಿನ ಮೇಡಂ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ತೋರಿಸಿ, “ಇದನ್ನು ಸರ್ವರ್ ಮಾಡಿ. ಎಲ್ಲರೂ ಬ್ರೌಸರ್‌ನಲ್ಲೇ ಫೈಲ್ ತೆಗೆದುಕೊಳ್ಳಲಿ” ಎಂದರು. ನಾನೂ ನನ್ನ ಗೆಳೆಯನೂ ಒಪ್ಪಿಕೊಂಡೆವು.

ಸರ್ವರ್ ಎಂದರೆ ಬೇರೆ ಜಾತಿಯ ಯಂತ್ರವೇನೂ ಅಲ್ಲ. ಇತರ ಕಂಪ್ಯೂಟರ್‌ಗಳು ಕೇಳಿದ್ದನ್ನು ಕೊಡಲು ಸದಾ ಕಾದು ಕೂರುವ ತಂತ್ರಾಂಶ ಅದರಲ್ಲಿ ಇರಬೇಕು, ಅಷ್ಟೆ. ನಾವು ಫೆಡೋರಾ ಲಿನಕ್ಸ್ ಹಾಕಿ, ಅದರ ಮೇಲೆ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ ಹಾಕಿದೆವು. 1995ರಿಂದ ಬಳಕೆಯಲ್ಲಿರುವ ಇದು ಉಚಿತ. ಫೆಡೋರಾದಲ್ಲಿ ಇದರ ಹೆಸರು ಎಚ್‌ಟಿಟಿಪಿಡಿ. ಕೊನೆಯ ‘ಡಿ’ ಎಂದರೆ ಡೀಮನ್, ಅಂದರೆ ತೆರೆಯ ಮೇಲೆ ಕಾಣಿಸಿಕೊಳ್ಳದೆ ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ.

ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಅದು ಶುರುವಾಗಲಿಲ್ಲ. ‘ಸಿಸ್ಟಂಸಿಟಿಎಲ್ ಸ್ಟಾರ್ಟ್ ಎಚ್‌ಟಿಟಿಪಿಡಿ’ ಎಂಬ ಆದೇಶ ಕೊಟ್ಟ ಮೇಲೆ ಆ ಕಂಪ್ಯೂಟರ್‌ನಲ್ಲಿ ಪುಟ ಬಂತು. ಬೇರೆಯವುಗಳಲ್ಲಿ ಬರಲಿಲ್ಲ. ಕಾರಣ ಫೈರ್‌ವಾಲ್. ಒಂದು ಮನೆಗೆ ಹಲವು ಬಾಗಿಲುಗಳಿರುವಂತೆ ಕಂಪ್ಯೂಟರ್‌ಗೆ ಪೋರ್ಟ್‌ಗಳಿವೆ. ವೆಬ್ ಸರ್ವರ್ ಸಾಮಾನ್ಯವಾಗಿ 80ನೇ ಪೋರ್ಟ್‌ನಲ್ಲಿ ಕಾಯುತ್ತದೆ. ಫೈರ್‌ವಾಲ್ ಆ ಬಾಗಿಲನ್ನು ಮುಚ್ಚಿತ್ತು. ಎಚ್‌ಟಿಟಿಪಿ ಸೇವೆಗೆ ಅನುಮತಿ ಕೊಟ್ಟೆವು; ಎಲ್ಲ ಕಂಪ್ಯೂಟರ್‌ಗಳಲ್ಲೂ ಪುಟ ತೆರೆಯಿತು. “ಇನ್ನು ಯಾರೂ ಪೆನ್‌ಡ್ರೈವ್ ತರಬೇಡಿ” ಎಂದು ನಾನೇ ಜಂಬದಿಂದ ಹೇಳಿದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಸ್ವಲ್ಪ ದಿನ ಇರುವಾಗ, ಒಂದು ಶುಕ್ರವಾರ ಜುಮಾ ವಿರಾಮದಲ್ಲಿ ಕರೆಂಟ್ ಹೋಯಿತು. ನಮಾಜ್ ಮುಗಿಸಿ ಬರುವಷ್ಟರಲ್ಲಿ ಕರೆಂಟ್ ಬಂದಿತ್ತು, ಸರ್ವರ್ ಕೂಡ ಆನ್ ಆಗಿತ್ತು. ಆದರೆ ಪುಟ ಯಾರಿಗೂ ತೆರೆಯಲಿಲ್ಲ. ಪೆನ್‌ಡ್ರೈವ್ ಯಾರ ಹತ್ತಿರವೂ ಇರಲಿಲ್ಲ. ಇಡೀ ಬ್ಯಾಚ್ ನನ್ನ ಮುಖ ನೋಡುತ್ತಿತ್ತು.

ಮೇಡಂ ಬೈಯಲಿಲ್ಲ. “ಸ್ಟೇಟಸ್ ನೋಡಿದ್ಯಾ?” ಎಂದರು. ‘ಸಿಸ್ಟಂಸಿಟಿಎಲ್ ಸ್ಟೇಟಸ್’ ಕೊಟ್ಟಾಗ ‘ಇನ್‌ಆ್ಯಕ್ಟಿವ್’, ‘ಡಿಸೇಬಲ್ಡ್’ ಎಂಬ ಎರಡು ಪದಗಳು ಕಂಡವು. ಆಗ ಅರ್ಥವಾಯಿತು: ‘ಸ್ಟಾರ್ಟ್’ ಎಂದರೆ ಈಗ ಶುರು ಮಾಡು ಎಂದಷ್ಟೇ. ಪ್ರತಿ ಸಲ ಕಂಪ್ಯೂಟರ್ ಆನ್ ಆದಾಗ ತಾನಾಗಿ ಶುರುವಾಗಬೇಕಾದರೆ ‘ಎನೇಬಲ್’ ಕೂಡ ಕೊಡಬೇಕು. ಫೈರ್‌ವಾಲ್‌ನದೂ ಇದೇ ಕಥೆ. ‘ಪರ್ಮನೆಂಟ್’ ಎಂದು ಸೇರಿಸದೆ ಕೊಟ್ಟ ಅನುಮತಿ ರೀಬೂಟ್ ಆದಾಗ ಅಳಿಸಿಹೋಗುತ್ತದೆ. ‘ಪರ್ಮನೆಂಟ್’ ಸೇರಿಸಿ, ಆಮೇಲೆ ‘ರಿಲೋಡ್’ ಕೊಟ್ಟರೆ ಆ ಕ್ಷಣದಿಂದಲೇ ಜಾರಿಗೆ ಬರುತ್ತದೆ, ಮುಂದೆಯೂ ಉಳಿಯುತ್ತದೆ.

ಎರಡನ್ನೂ ಸರಿಪಡಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಆದರೆ ಮೇಡಂ ಎದ್ದು ಹೋಗಲು ಬಿಡಲಿಲ್ಲ. “ಈಗ ನೀನೇ ರೀಬೂಟ್ ಮಾಡು, ಏನನ್ನೂ ಮುಟ್ಟದೆ ಬೇರೆ ಕಂಪ್ಯೂಟರ್‌ನಿಂದ ತೆರೆದು ನೋಡು” ಎಂದರು. ಪುಟ ತೆರೆಯಿತು. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಆ ಶುಕ್ರವಾರ ಅಷ್ಟು ಜನರೆದುರು ತಲೆತಗ್ಗಿಸಬೇಕಿರಲಿಲ್ಲ.

ಪ್ರಥಮ ಪಿಯುಸಿ ಗೆಳೆಯರೇ, ಮುಂದಿನ ವರ್ಷ ಈ ಸರ್ವರ್ ನಿಮ್ಮ ಕೈಗೆ ಬರುತ್ತದೆ. ಪುಟ ತೆರೆಯದಿದ್ದರೆ ಗಾಬರಿಯಾಗಬೇಡಿ. ಸೇವೆ ಶುರುವಾಗಿದೆಯೇ, ಸರ್ವರ್‌ನಲ್ಲೇ ಪುಟ ಬರುತ್ತದೆಯೇ, ಫೈರ್‌ವಾಲ್ ಬಿಟ್ಟಿದೆಯೇ ಎಂದು ಇದೇ ಕ್ರಮದಲ್ಲಿ ನೋಡಿ. ಆದೇಶಗಳನ್ನೆಲ್ಲ ಬರೆದು ಸರ್ವರ್ ಮೇಲೆ ಅಂಟಿಸಿದ್ದೇನೆ.