ರಾಯದುರ್ಗ, ಮಡಕಶಿರದ ಮಕ್ಕಳಿಗೆ ಯಾವ ಸಮಾಜ ಪಾಠ?

ಶಾಲೆಯ ಉಳಿದ ವಿಷಯಗಳ ಹಾಗಲ್ಲ ಸಮಾಜ ವಿಜ್ಞಾನ. ಭಾಗಾಕಾರ ಬಳ್ಳಾರಿಯಲ್ಲೂ ಒಂದೇ, ವಿಜಯವಾಡದಲ್ಲೂ ಒಂದೇ. ಬೀಜ ಮೊಳೆಯುವ ಬಗೆಯೂ ಹಾಗೆಯೇ. ಆದರೆ ‘ನಮ್ಮ ಊರು, ನಮ್ಮ ಜಿಲ್ಲೆ, ನಮ್ಮ ರಾಜ್ಯ’ ಎಂದು ತೊಡಗುವ ಪಾಠದಲ್ಲಿ ಆ ‘ನಮ್ಮ’ ಯಾರದು ಎನ್ನುವುದು ತೀರ್ಮಾನವಾಗದೆ ಮುಂದಿನ ಒಂದು ವಾಕ್ಯವನ್ನೂ ಬರೆಯಲು ಬರುವುದಿಲ್ಲ. ರಾಜ್ಯದ ನಡುಭಾಗದಲ್ಲಿರುವ ಮಕ್ಕಳಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಆಂಧ್ರಪ್ರದೇಶದ ರಾಯದುರ್ಗ, ಡಿ. ಹಿರೇಹಾಳ್, ಬೊಮ್ಮನಹಾಳ್, ಮಡಕಶಿರ, ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರ ಮಂಡಲಗಳ ಕನ್ನಡ ಮಕ್ಕಳಿಗೆ ಅದು ದಿನನಿತ್ಯದ ಪ್ರಶ್ನೆ. ಅವರ ಮನೆಮಾತು ಕನ್ನಡ, ಸರ್ಕಾರ ತೆಲುಗಿನದು, ಸಂತೆ ಎರಡೂ ಭಾಷೆಯದು. ಶಾಲಾ ಪಠ್ಯಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಚೌಕಟ್ಟು ಬೇಕೆ ಬೇಡವೇ ಎಂಬ ಚರ್ಚೆ ದೊಡ್ಡ ನಗರಗಳಲ್ಲಿ ನಡೆಯುತ್ತಿರುತ್ತದೆ. ಆ ಚೌಕಟ್ಟು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನೋಡಬೇಕಾದದ್ದು ಇಂಥ ಗಡಿ ಊರುಗಳ ಶಾಲೆಗಳಲ್ಲಿ.

ಚೌಕಟ್ಟು ಎಂದರೇನು ಎಂಬುದನ್ನು ಮೊದಲು ತಿಳಿಯೋಣ. ಎನ್‌ಸಿಇಆರ್‌ಟಿ 1975ರಿಂದ ಆರಂಭಿಸಿ 1988, 2000, 2005ರಲ್ಲಿ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟುಗಳನ್ನು ಹೊರತಂದಿತು. ಶಾಲಾ ಶಿಕ್ಷಣಕ್ಕಾಗಿ ಇತ್ತೀಚಿನ ಚೌಕಟ್ಟು ಕೆ. ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 2023ರಲ್ಲಿ ಬಂತು. ಇವು ಕಾನೂನುಗಳಲ್ಲ. 1976ರ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ ಸೇರಿದ ಮೇಲೂ ಪಠ್ಯಪುಸ್ತಕ ಬರೆಸುವ ಕೆಲಸ ಬಹುಮಟ್ಟಿಗೆ ರಾಜ್ಯಗಳದ್ದೇ. ಯಶಪಾಲರ ನೇತೃತ್ವದ 2005ರ ಚೌಕಟ್ಟು, ಶಾಲೆಯ ಕಲಿಕೆ ಹೊರಗಿನ ಬದುಕಿನೊಡನೆ ಬೆಸೆದುಕೊಳ್ಳಬೇಕು ಎಂಬುದನ್ನೇ ತನ್ನ ಮೊದಲ ತತ್ತ್ವವಾಗಿ ಇಟ್ಟುಕೊಂಡಿತ್ತು. 2023ರದ್ದು ಇನ್ನೊಂದು ಹೆಜ್ಜೆ ಮುಂದಿಟ್ಟು, ಮಗು ಎಷ್ಟು ಹೆಸರು, ಇಸವಿಗಳನ್ನು ನೆನಪಿಟ್ಟುಕೊಂಡಿದೆ ಎಂಬುದಕ್ಕಿಂತ ಅದು ಏನನ್ನು ಮಾಡಬಲ್ಲದು ಎಂಬುದಕ್ಕೆ ಒತ್ತು ಕೊಟ್ಟಿತು. ಇತಿಹಾಸದ ಆಕರವನ್ನು ಓದಿ ಅರ್ಥ ಮಾಡಿಕೊಳ್ಳುವುದು, ನಕ್ಷೆ ನೋಡಿ ನೆಲವನ್ನು ಗುರುತಿಸುವುದು, ಆಡಳಿತ ತನ್ನ ಊರಿನಲ್ಲಿ ಹೇಗೆ ನಡೆಯುತ್ತದೆಂದು ತಿಳಿಯುವುದು ಇಂಥ ಸಾಮರ್ಥ್ಯಗಳು. ಮಾತಿನ ಮಟ್ಟದಲ್ಲಿ ಇದಕ್ಕಿಂತ ಒಳ್ಳೆಯ ನೀತಿಯನ್ನು ಬಯಸುವುದು ಕಷ್ಟ.

ಆ ನೀತಿಗೆ ರಾಯದುರ್ಗ, ಮಡಕಶಿರದಷ್ಟು ಒದಗಿಬರುವ ನೆಲವೂ ಅಪರೂಪ. ರಾಯದುರ್ಗದಿಂದ ಪಶ್ಚಿಮಕ್ಕೆ ಗಡಿ ದಾಟಿದರೆ ಮೊಳಕಾಲ್ಮುರು ತಾಲ್ಲೂಕು. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವನ್ನು 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಅಶೋಕನೆಂದರೆ ಕಳಿಂಗ, ಪಾಟಲಿಪುತ್ರ ಎಂದು ಓದುವ ಮಗುವಿಗೆ ಅವನ ಆಜ್ಞೆ ತನ್ನ ನೆರೆಯ ಬೆಟ್ಟದ ಬಂಡೆಯ ಮೇಲೇ ಇದೆ ಎಂದು ತೋರಿಸಿದರೆ, ಆಕರ ಎಂದರೇನು ಎಂಬ ಪಾಠಕ್ಕೆ ಬೇರೆ ವಿವರಣೆಯೇ ಬೇಡ. ಅಮರಾಪುರ ಮಂಡಲದ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿತ್ತು. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ಆ ಮನೆತನ ಕನ್ನಡ ಶಾಸನಗಳನ್ನು ಬಿಟ್ಟುಹೋಗಿದೆ. ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳು ಇಂದಿಗೂ ನಿಂತಿವೆ. ನೊಳಂಬರ ಕೆತ್ತನೆಯ ಕಂಬಗಳು ಚೋಳರ ಕೈಸೇರಿ ದೂರದ ತಿರುವೈಯಾರಿನ ದೇವಾಲಯದಲ್ಲಿವೆ. ಯುದ್ಧದಲ್ಲಿ ಗೆದ್ದವರು ಏನನ್ನು ಹೊತ್ತೊಯ್ಯುತ್ತಿದ್ದರು, ಏಕೆ ಎಂದು ಒಂಬತ್ತನೆಯ ತರಗತಿಯ ಮಕ್ಕಳು ಒಂದು ಪೂರ್ತಿ ಅವಧಿ ಚರ್ಚೆ ಮಾಡಬಹುದು. ಹಳೆಯ ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ ಸಂಪುಟ 1939ರಲ್ಲೇ ಅಚ್ಚಾಗಿದೆ. ಸಾಮಗ್ರಿಗೆ ಕೊರತೆಯಿಲ್ಲ, ಅದು ತರಗತಿಗೆ ಬಂದಿಲ್ಲ.

ಭೂಗೋಳವನ್ನೇ ತೆಗೆದುಕೊಳ್ಳಿ. ವೇದಾವತಿ ಚಿಕ್ಕಮಗಳೂರಿನ ಬೆಟ್ಟಗಳಿಂದ ಇಳಿದು, ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿ, ಆಂಧ್ರದೊಳಗೆ ಭೈರವಾನಿತಿಪ್ಪ ಜಲಾಶಯಕ್ಕೆ ಬಂದು, ಹಗರಿಯಾಗಿ ಮತ್ತೆ ಬಳ್ಳಾರಿ ಜಿಲ್ಲೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಮೇಲಿನ ಅಣೆಕಟ್ಟು ನೀರು ತಡೆದರೆ ಕೆಳಗಿನದಕ್ಕೆ ಬರುವುದು ಕಡಿಮೆಯಾಗುತ್ತದೆ. ಇತ್ತ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಿಂದ ಹೊರಟ ಮೇಲ್ಮಟ್ಟದ ಕಾಲುವೆ ಬೊಮ್ಮನಹಾಳ್, ಕಣೇಕಲ್ ಕಡೆಗೆ ನೀರು ತರುತ್ತದೆ. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದಾದ ಅನಂತಪುರದ ಮಗುವಿಗೆ ಅಂತರರಾಜ್ಯ ಜಲ ಹಂಚಿಕೆ ಎಂಬುದು ಪುಸ್ತಕದ ಕೊನೆಯ ಅಧ್ಯಾಯದ ಒಣ ವಿಷಯ ಆಗಬೇಕಾಗಿಲ್ಲ. ಇನ್ನು ಪೌರನೀತಿ: 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಅದೇ ದಿನ ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿತು, ಅದೇ ದಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ತೆಲುಗು ಪಠ್ಯದಲ್ಲಿ ಆ ದಿನ ಪೊಟ್ಟಿ ಶ್ರೀರಾಮುಲು ಅವರ ತ್ಯಾಗದ ಫಲ; ಕನ್ನಡನಾಡಿನ ಕಥನದಲ್ಲಿ ಅದು ಬಳ್ಳಾರಿ ಉಳಿದ ದಿನ. ಎರಡೂ ನಿಜ, ಎರಡೂ ಒಂದೇ ಘಟನೆಯ ಮುಖಗಳು. ರಾಯದುರ್ಗದ ಮಗು ಈ ಎರಡನ್ನೂ ಒಟ್ಟಿಗೆ ಓದಬೇಕು, ಏಕೆಂದರೆ ಅದರ ತಾತ ಮುತ್ತಾತಂದಿರ ಜಿಲ್ಲೆ ಒಂದೇ ದಿನದಲ್ಲಿ ಬದಲಾಯಿತು.

ಈಗ ಆ ಮಗುವಿನ ಕೈಗೆ ಬರುವುದು ಬೇರೆಡೆ ಬರೆದ ಪುಸ್ತಕದ ಅನುವಾದ. ಆಂಧ್ರದಲ್ಲಿ ಕನ್ನಡ ಮಾಧ್ಯಮದ ಪಠ್ಯಗಳಿವೆ, ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಇದಕ್ಕಾಗಿ ಆ ರಾಜ್ಯವನ್ನು ಮೆಚ್ಚಲೇಬೇಕು. ಈಚಿನ ವರ್ಷಗಳಲ್ಲಿ ಪ್ರೌಢ ತರಗತಿಗಳಿಗೆ ಎನ್‌ಸಿಇಆರ್‌ಟಿ ಪಠ್ಯಗಳನ್ನೇ ತರಲಾಗಿದೆ. ಹೀಗಾಗಿ ದೆಹಲಿಯಲ್ಲಿ ಯೋಚಿಸಿದ್ದು, ಅಮರಾವತಿಯಲ್ಲಿ ಹೊಂದಿಸಿಕೊಂಡದ್ದು ಕೊನೆಗೆ ಕನ್ನಡ ಅಕ್ಷರದಲ್ಲಿ ಮಡಕಶಿರ ತಲುಪುತ್ತದೆ. ಭಾಷೆ ಮಗುವಿನದು, ಊರು ಮಾತ್ರ ಎಲ್ಲಿಯದೋ. ಮಾತೃಭಾಷೆಯಲ್ಲಿ ಕಲಿಸುವುದೆಂದರೆ ಲಿಪಿ ಬದಲಿಸುವುದು ಎಂದಷ್ಟೇ ತಿಳಿದಿರುವುದರ ಫಲ ಇದು. ನನ್ನ ವಾದ ಇಷ್ಟೆ: ರಾಷ್ಟ್ರೀಯ ಚೌಕಟ್ಟು ಸಾಮರ್ಥ್ಯಗಳನ್ನು ನಿಗದಿ ಮಾಡಲಿ, ರಾಜ್ಯದ ಪುಸ್ತಕ ಸಾಮಾನ್ಯ ತಿಳಿವಳಿಕೆಯನ್ನು ಕೊಡಲಿ, ಆದರೆ ಆ ಸಾಮರ್ಥ್ಯಗಳನ್ನು ಅಭ್ಯಾಸ ಮಾಡುವ ಉದಾಹರಣೆಗಳು ಈ ನೆಲದ್ದಾಗಿರಬೇಕು, ಅದಕ್ಕೆ ಕನ್ನಡದಲ್ಲೇ ಬರೆದ ಒಂದು ಪೂರಕ ಪುಸ್ತಕ ಬೇಕು.

ಕರ್ನಾಟಕದ ಪಠ್ಯಪುಸ್ತಕವನ್ನೇ ತಂದರಾಯಿತಲ್ಲ ಎಂದು ಹಲವು ಕನ್ನಡಾಭಿಮಾನಿಗಳು ಹೇಳುತ್ತಾರೆ. ಅವರ ಕಾಳಜಿಯ ಬಗ್ಗೆ ಗೌರವವಿದೆ, ದಾರಿ ಮಾತ್ರ ಸರಿಯಲ್ಲ. ಆ ಪುಸ್ತಕದಲ್ಲಿ ಹೋಬಳಿ, ತಾಲ್ಲೂಕು ಪಂಚಾಯಿತಿ, ಬೆಂಗಳೂರಿನ ವಿಧಾನಸೌಧ ಇರುತ್ತವೆ. ಗುಡಿಬಂಡೆಯ ಮಗು ಬದುಕುವುದು 1985ರಿಂದ ಜಾರಿಯಲ್ಲಿರುವ ಮಂಡಲ ವ್ಯವಸ್ಥೆಯಲ್ಲಿ. ಅದರ ಮನೆಯವರು ಪಿಂಚಣಿಗೂ ಪಡಿತರ ಚೀಟಿಗೂ ಹೋಗುವುದು 2019ರಲ್ಲಿ ಬಂದ ಗ್ರಾಮ ಸಚಿವಾಲಯಕ್ಕೆ. 2022ರ ಏಪ್ರಿಲ್‌ನಲ್ಲಿ ಮಡಕಶಿರ ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಜಿಲ್ಲಾ ಕೇಂದ್ರ ಪುಟ್ಟಪರ್ತಿಯಾಯಿತು. ಇವನ್ನು ತಿಳಿಯದೆ ಬೆಳೆದ ಮಗು ತನ್ನ ಹಕ್ಕನ್ನು ಎಲ್ಲಿ ಕೇಳಬೇಕೆಂದು ಅರಿಯದ ಪ್ರಜೆಯಾಗುತ್ತದೆ. ಅಮರಾಪುರದ ಮಗುವಿಗೆ ನೊಳಂಬರು ಎಷ್ಟು ಬೇಕೋ ಆಂಧ್ರದ ಶಾಸನಸಭೆಯೂ ಅಷ್ಟೇ ಬೇಕು.

ಎದುರು ದಿಕ್ಕಿನಿಂದ ಬರುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಊರಿಗೊಂದು ಪಾಠ ಮಾಡಿದರೆ ಪರೀಕ್ಷೆ ಹೇಗೆ, ಸಮಾನತೆ ಹೇಗೆ, ದೇಶದ ಒಗ್ಗಟ್ಟು ಹೇಗೆ ಎಂಬುದು ಆ ಪ್ರಶ್ನೆ. ಇದಕ್ಕೆ ಅಮೆರಿಕದ ಅನುಭವ ಉಪಯುಕ್ತ. ಅಲ್ಲಿ 1994ರಲ್ಲಿ ಎರಡು ಬಗೆಯ ಮಾನದಂಡಗಳು ಬಂದವು. ರಾಷ್ಟ್ರೀಯ ಇತಿಹಾಸ ಮಾನದಂಡಗಳಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬ ಎಣಿಕೆಯೇ ದೊಡ್ಡ ಜಗಳವಾಗಿ, 1995ರ ಜನವರಿಯಲ್ಲಿ ಸೆನೆಟ್ 99ಕ್ಕೆ 1 ಮತದಿಂದ ಅವನ್ನು ಖಂಡಿಸಿತು. ಅದೇ ಕಾಲದಲ್ಲಿ ಸಮಾಜ ಅಧ್ಯಯನ ಶಿಕ್ಷಕರ ರಾಷ್ಟ್ರೀಯ ಮಂಡಳಿ ಹೆಸರುಗಳ ಪಟ್ಟಿಯ ಬದಲು ಸಂಸ್ಕೃತಿ, ಕಾಲ ಮತ್ತು ಬದಲಾವಣೆ, ಜನ ಮತ್ತು ಪರಿಸರ ಮುಂತಾದ ಹತ್ತು ವಿಷಯ ಸೂತ್ರಗಳನ್ನು ಕೊಟ್ಟಿತು. ಅವು 2010ರಲ್ಲಿ ಪರಿಷ್ಕೃತವಾಗಿ ಮುಂದುವರಿದವು. ಏನನ್ನು ಕಲಿಯಬೇಕು ಎಂಬುದು ಸಮಾನವಾಗಿದ್ದು ಯಾವುದರ ಮೂಲಕ ಎಂಬುದನ್ನು ಸ್ಥಳೀಯರಿಗೆ ಬಿಟ್ಟಾಗ ಮಾನದಂಡ ಬಾಳುತ್ತದೆ. ಪರೀಕ್ಷೆಗೂ ಇದು ಅಡ್ಡಿಯಲ್ಲ. ಶಾಸನ ಓದುವುದನ್ನು ಹೇಮಾವತಿಯಲ್ಲಿ ಕಲಿತ ಮಗು ಪ್ರಶ್ನೆಪತ್ರಿಕೆಯಲ್ಲಿ ಅಮರಾವತಿಯ ಶಾಸನ ಬಂದರೂ ಉತ್ತರ ಬರೆಯುತ್ತದೆ.

ಗಡಿ ಜಗಳ ಕೆದಕಿದಂತಾಗುತ್ತದೆ ಎಂಬ ಅಳುಕು ಕೆಲವರಿಗೆ. ವಸ್ತುಸ್ಥಿತಿ ಬೇರೆ. ಮಡಕಶಿರ ಮೂರು ಕಡೆ ಕರ್ನಾಟಕದಿಂದ ಸುತ್ತುವರಿದಿದೆ, ಪಕ್ಕದ ಪಾವಗಡ ಹೆಚ್ಚುಕಡಿಮೆ ಆಂಧ್ರದಿಂದ ಸುತ್ತುವರಿದಿದೆ. ಮಡಕಶಿರದಲ್ಲಿ ಕನ್ನಡಿಗರು, ಪಾವಗಡದಲ್ಲಿ ತೆಲುಗರು. ಗೆರೆ ಎಲ್ಲಿ ಎಳೆದರೂ ಯಾರಾದರೂ ಆಚೆ ಉಳಿಯುತ್ತಿದ್ದರು ಎಂಬುದನ್ನು ನಕ್ಷೆಯ ಮೇಲೆ ನೋಡಿ ಅರಿತ ಮಗು ದ್ವೇಷವನ್ನು ಕಲಿಯುವುದಿಲ್ಲ. ಹೇಳದೆ ಮುಚ್ಚಿಟ್ಟ ಇತಿಹಾಸವೇ ಮುಂದೆ ಭಾಷಣಕಾರರ ಸರಕಾಗುವುದು. ಮಕ್ಕಳ ಸಂಖ್ಯೆ ಕಡಿಮೆ, ಖರ್ಚು ಹೆಚ್ಚು ಎಂಬ ಮಾತಿಗೆ ಸಂವಿಧಾನದಲ್ಲೇ ಉತ್ತರವಿದೆ: 1956ರಲ್ಲಿ ಸೇರಿದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲಿಟ್ಟಿದೆ. ಪೋಷಕರಿಗೆ ಇಂಗ್ಲಿಷ್ ಬೇಕು ಎಂಬುದು ಮಾತ್ರ ನಿಜವಾದ ಒತ್ತಡ, ಅದನ್ನು ಅಲ್ಲಗಳೆಯಲಾರೆ. ಆದರೆ ಮಗು ಇಂಗ್ಲಿಷ್ ಮಾಧ್ಯಮಕ್ಕೆ ಹೋದರೂ ಅದರ ಊರು ಬದಲಾಗುವುದಿಲ್ಲ. ಸ್ಥಳೀಯ ಪೂರಕ ಪುಸ್ತಕ ಆ ಮಗುವಿಗೂ ಬೇಕು, ಬಹುಶಃ ಹೆಚ್ಚಾಗಿಯೇ ಬೇಕು.

ಇದು ಆಗದ ಕೆಲಸವೇನೂ ಅಲ್ಲ. ಎರಡೂ ಕಡೆಯ ಕನ್ನಡ ಶಿಕ್ಷಕರು, ಶಾಸನ ಬಲ್ಲವರು ಕೂತು ನೂರು ಪುಟದೊಳಗಿನ ಒಂದು ಪುಸ್ತಕ ಸಿದ್ಧಪಡಿಸಬಹುದು. ಆಂಧ್ರದ ಎಸ್‌ಸಿಇಆರ್‌ಟಿ ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅಚ್ಚಿನ ಖರ್ಚಿಗೆ ಹೆಗಲು ಕೊಡಬಹುದು. ಸಮಾಜ ವಿಜ್ಞಾನದ ಪಠ್ಯವನ್ನು ಹೊಂದಿಸುವ ರಾಜ್ಯ ಸಮಿತಿಯಲ್ಲಿ ಕನ್ನಡ ಮಾಧ್ಯಮದ ಒಬ್ಬ ಶಿಕ್ಷಕರಾದರೂ ಇರಬೇಕು, ಅನುವಾದಕರಾಗಿ ಅಲ್ಲ, ಬರೆಯುವವರಾಗಿ. ರಾಯದುರ್ಗ, ಮಡಕಶಿರದ ಪೋಷಕರು, ಶಾಲಾ ಸಮಿತಿಗಳವರು ಈ ಎರಡು ಬೇಡಿಕೆಗಳನ್ನು ತಮ್ಮ ಶಾಸಕರ ಮುಂದೆ, ಜಿಲ್ಲಾ ಶಿಕ್ಷಣಾಧಿಕಾರಿಯ ಮುಂದೆ ಬರವಣಿಗೆಯಲ್ಲಿ ಇಡಲಿ, ಮುಂದಿನ ಶೈಕ್ಷಣಿಕ ವರ್ಷದ ಪುಸ್ತಕಗಳು ಅಚ್ಚಿಗೆ ಹೋಗುವ ಮೊದಲೇ.